ಚೌಕವ್ಯೂಹ

ನಮ್ಮ ಮನೆಯ ಟೀವಿಯಲ್ಲಿ ಅತ್ಯಂತ ಸ್ಫುಟವಾಗಿ ಕಾಣುವ ವಸ್ತು ಯಾವುದೆಂದು ಯಾರಾದರೂ ಕೇಳಿದರೆ, ಪರದೆಯ ಮೇಲ್ಮೂಲೆಯಲ್ಲಿ ವಾಹಿನಿಯ ಲಾಂಛನದ ಪಕ್ಕ ಕೂತಿರುವ ‘ಎಚ್‌ಡಿ’ ಎಂಬ ಎರಡಕ್ಷರ ಎಂದು ನಾನು ನಿಸ್ಸಂಕೋಚವಾಗಿ ಹೇಳಿಬಿಡುತ್ತೇನೆ. ಅದಕ್ಕೆ ಮುಪ್ಪಿಲ್ಲ, ಮಸುಕಿಲ್ಲ, ಮಳೆಗಾಲ ಬೇಸಿಗೆಯೆಂಬ ಭೇದವಿಲ್ಲ. ಪರಬ್ರಹ್ಮಕ್ಕೆ ಹೇಳುವ ನಿತ್ಯ, ನಿಶ್ಚಲ, ನಿರ್ವಿಕಾರ ಮುಂತಾದ ವಿಶೇಷಣಗಳೆಲ್ಲ ಅದಕ್ಕೆ ಸಲ್ಲುತ್ತವೆ. ಅದರ ಕೆಳಗೆ ನಡೆಯುವ ಮಿಕ್ಕ ಪ್ರಪಂಚ ಮಾತ್ರ ಮಾಯೆ. ಮೈದಾನದಲ್ಲಿ ಚೆಂಡು ಉರುಳಿದರೆ ಹುಲ್ಲು ಹುಲ್ಲಾಗಿ ಉಳಿಯದೆ ಬರೀ ಹಸಿರು ಬಣ್ಣವಾಗುತ್ತದೆ. ನಾಯಕಿ ಓಡಿದರೆ ಅವಳ ಸೆರಗು ಅವಳಿಗಿಂತ ಅರ್ಧ ಕ್ಷಣ ಹಿಂದೆ ಬಿದ್ದು, ಪುಟ್ಟ ಪುಟ್ಟ ಚೌಕಗಳಾಗಿ ಒಡೆದು, ಅವಳು ನಿಂತ ಮೇಲೆ ಏದುಸಿರು ಬಿಡುತ್ತ ಬಂದು ಸೇರಿಕೊಳ್ಳುತ್ತದೆ.

ಮೊದಲಿನಿಂದಲೂ ಹೀಗೇ ಇದ್ದಿದ್ದರೆ ನಾನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. 2010ರಲ್ಲಿ, ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ, ಎಚ್‌ಡಿ ಎಂಬುದು ನಮ್ಮ ದೇಶದ ಮನೆಗಳಿಗೆ ಕಾಲಿಟ್ಟಿತು. ಅದಾಗಿ ಕೆಲವು ವರ್ಷಕ್ಕೆ ಶಿವಮೊಗ್ಗದ ನಮ್ಮ ತಾರಸಿಯ ಮೇಲೂ ಅದರ ತಟ್ಟೆ ಕೂತಿತು. ಆಗ ಬೌಲರನ ಹಣೆಯ ಬೆವರಹನಿ ಎಣಿಸಬಹುದಿತ್ತು. ವಾರ್ತೆ ಓದುವವರ ಮುಖದ ಪೌಡರು ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಶುರುವಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತಾಗಿ, ಇಷ್ಟೆಲ್ಲ ಕಾಣಬಾರದಿತ್ತು ಎಂದು ಮನೆಯವಳೇ ಅವರ ಪರವಾಗಿ ಸಂಕೋಚಪಟ್ಟಿದ್ದಳು. ಈಗ ಬೆವರೂ ಇಲ್ಲ, ಪೌಡರೂ ಇಲ್ಲ. ಎಲ್ಲರ ಮುಖವೂ ಒಂದೇ ನುಣುಪು, ಎಲ್ಲರಿಗೂ ಚಿರಯೌವನ. ಈ ನಡುವೆ ನಾನು 32 ಇಂಚಿನ ಟೀವಿಯನ್ನು ಕೊಟ್ಟು 55 ಇಂಚಿನದನ್ನು ತಂದೆ. ಪರದೆ ದೊಡ್ಡದಾದರೆ ಚಿತ್ರದ ಜೊತೆ ಅದರ ದೋಷವೂ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ ಎಂಬ ಅಂಕಗಣಿತವನ್ನು ಅಂಗಡಿಯವನು ಹೇಳಲಿಲ್ಲ. ತಿಂಗಳ ಕಂತಿನ ಅಂಕಗಣಿತವನ್ನು ಮಾತ್ರ ಎರಡೆರಡು ಸಲ ಹೇಳಿದ.

ನಾನು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಚೌಕಗಳ ಪರಿವೀಕ್ಷಣೆ ಮಾಡತೊಡಗಿದಾಗ, ಹಿಂದೆ ಕೂತು ಧಾರಾವಾಹಿ ನೋಡುತ್ತಿದ್ದ ಮನೆಯವಳಿಗೆ ನನ್ನ ಬೆನ್ನಿನ ಹೊರತು ಬೇರೇನೂ ಕಾಣದೆ, “ಕಥೆ ಗೊತ್ತಾಗ್ತದಲ್ಲ, ಸಾಕು. ಮೊದ್ಲು ನಿಮ್ಮ ಕಣ್ಣು ತೋರಿಸ್ಕೊಳ್ಳಿ” ಎಂದಳು. ತಟ್ಟೆ ನೋಡಲು ಬಂದ ಹುಡುಗ ಮೀಟರು ಹಿಡಿದು ತಾರಸಿ ಹತ್ತಿ ಇಳಿದು, ಅದನ್ನೇ ಇನ್ನಷ್ಟು ಸವಿನಯವಾಗಿ ನಿವೇದಿಸಿದ: “ಸಿಗ್ನಲ್ ಫುಲ್ ಇದೆ ಸಾರ್. ಕ್ಲಿಯರಾಗೇ ಬರ್ತಿದೆಯಲ್ಲ, ನಂಗೇನೂ ಕಾಣ್ತಿಲ್ಲ.” ಸಕ್ಕರೆ ಕಾಯಿಲೆಯ ಕೃಪೆಯಿಂದ ಐವತ್ತೈದಕ್ಕೇ ನನ್ನ ಕಣ್ಣಿಗೆ ಪೊರೆ ಬಂದಿದ್ದೇನೋ ನಿಜವೇ ಆಗಿತ್ತು. ಆಪರೇಷನ್ ಆಯಿತು, ಹೊಸ ಲೆನ್ಸು ಕೂತಿತು. ಕಪ್ಪು ಕನ್ನಡಕ ತೆಗೆದ ದಿನ ಅಂಗಳದ ದಾಸವಾಳ ಇಷ್ಟು ಕೆಂಪಗಿತ್ತೇ ಎಂದು ಬೆರಗಾಗಿ, ಪಕ್ಕದ ಮನೆಯ ಗೋಡೆಯ ಬಿರುಕನ್ನು ಅವರಿಗೇ ತೋರಿಸಿ ಬೈಸಿಕೊಂಡು, ಅದೇ ಹುರುಪಿನಲ್ಲಿ ಒಳಗೆ ಬಂದು ಟೀವಿ ಹಾಕಿದರೆ, ಅಲ್ಲಿಯವರೆಗೆ ಮಬ್ಬು ಮಬ್ಬಾಗಿದ್ದ ಚೌಕಗಳು ನಾಲ್ಕೂ ಮೂಲೆ ಸಮೇತ ಲಕ್ಷಣವಾಗಿ ಕಂಡವು. ಅಷ್ಟು ದಿನ ನನ್ನ ಪೊರೆಯೇ ವಾಹಿನಿಗಳ ಮಾನ ಕಾಪಾಡಿತ್ತು.

ಹಾಗಂತ ನಾನು ಸ್ಫಟಿಕಶುಭ್ರ ಚಿತ್ರಗಳನ್ನೇ ನೋಡಿಕೊಂಡು ಬೆಳೆದವನೆಂದು ನೀವು ತಿಳಿಯಬಾರದು. ಸಾಗರದ ಆಚೆ ಗುಡ್ಡಗಳ ನಡುವೆ ಇದ್ದ ನಮ್ಮ ಕೇರಿಗೆಲ್ಲ ಒಂದೇ ಟೀವಿ, ಅದೂ ದೊಡ್ಡಮನೆಯ ಮಾವನದು. ಎಳೆದು ಮುಚ್ಚುವ ಶಟರ್ ಬಾಗಿಲಿನ, ಬೀಗ ಹಾಕುವ ಸೌಕರ್ಯವಿದ್ದ ಕಪ್ಪುಬಿಳುಪು ಪೆಟ್ಟಿಗೆ ಅದು. ಬೀಗದ ಕೈ ಮಾವನ ಜನಿವಾರದಲ್ಲಿ. 1987ರಲ್ಲಿ ರಮಾನಂದ ಸಾಗರರ ರಾಮಾಯಣ ಶುರುವಾದಾಗ ಭಾನುವಾರ ಬೆಳಿಗ್ಗೆ ಮಿಂದು ಮಡಿಯಾಗಿ ಬಂದವರಿಂದ ಜಗಲಿ ತುಂಬಿಹೋಗುತ್ತಿತ್ತು. ಉದ್ದನೆಯ ಅಡಿಕೆ ಮರ ಕಡಿದು ನೆಟ್ಟು ಅದರ ತುದಿಗೆ ಆಂಟೆನಾ ಕಟ್ಟಿದ್ದರು. ಅದರ ಬುಡವನ್ನು ತಬ್ಬಿಕೊಂಡು ತಿರುಗಿಸುವ ಪವಿತ್ರ ಕಾರ್ಯ ಹೈಸ್ಕೂಲು ಹುಡುಗನಾದ ನನ್ನದು. ಅಂಗಳದಲ್ಲಿ ಒಬ್ಬ, ಕಿಟಕಿಯ ಹತ್ತಿರ ಒಬ್ಬ, ಒಳಗೆ ಮಾವ. “ಬಂತಾ?” ಎಂದು ನಾನು ಕೂಗಿದರೆ ಅದು ಇಬ್ಬರ ಬಾಯಿ ದಾಟಿ ಒಳಗೆ ಹೋಗಿ, “ಬಂತು, ಬಂತು, ಹೋಯ್ತು! ದೇವಸ್ಥಾನದ ಕಡೆ ತಿರ್ಗ್ಸೋ! ಸಾಕು, ಒಂಚೂರು ಗದ್ದೆ ಕಡೆ!” ಎಂಬ ಉತ್ತರ ಇಬ್ಬರ ಬಾಯಿ ದಾಟಿ ಹೊರಗೆ ಬರುವಷ್ಟರಲ್ಲಿ ನಾನು ಗದ್ದೆಯನ್ನೂ ದಾಟಿ ತೋಟದ ಕಡೆ ತಿರುಗಿಸಿಯಾಗಿರುತ್ತಿತ್ತು. ನಮ್ಮಲ್ಲಿಗೆ ಅಲೆಗಳು ನೇರವಾಗಿ ಬರುವುದರ ಜೊತೆಗೆ ಗುಡ್ಡಕ್ಕೆ ಬಡಿದು ಕೊಂಚ ತಡವಾಗಿ ಇನ್ನೊಮ್ಮೆಯೂ ಬರುತ್ತಿದ್ದುದರಿಂದ, ಪ್ರತಿಯೊಬ್ಬರ ಪಕ್ಕದಲ್ಲೂ ಅವರದೇ ತೆಳುವಾದ ಭೂತ ನಿಂತಿರುತ್ತಿತ್ತು. ರಾವಣನಿಗೆ ನಮ್ಮ ಕೇರಿಯಲ್ಲಿ ಇಪ್ಪತ್ತು ತಲೆ. ಹನುಮಂತ ಲಂಕೆಗೆ ಹಾರುವ ದಿನ ಮಂಗವೊಂದು ಆಂಟೆನಾದ ಮೇಲೆ ಬಂದು ಕೂತು ಚಿತ್ರ ಪೂರ್ತಿ ಮಾಯವಾದಾಗ, ಕಲ್ಲೆತ್ತಿಕೊಂಡ ನನ್ನನ್ನು ಕೇರಿಯ ಅಜ್ಜಿಯರೆಲ್ಲ ಸೇರಿ ತಡೆದರು. ಸಾಕ್ಷಾತ್ ಅವನೇ ನೋಡಲು ಬಂದಿದ್ದಾನೆ, ಓಡಿಸಬಾರದಂತೆ. ಸಮುದ್ರಲಂಘನವನ್ನು ನಾವೆಲ್ಲ ಬರೀ ಕಿವಿಯಿಂದ ಕೇಳಿದೆವು.

ಆದರೂ ಆ ಅವಲಕ್ಷಣದಲ್ಲೊಂದು ಸಮದರ್ಶಿತ್ವವಿತ್ತು. ಪರದೆಯ ಮೇಲೆ ಹಿಮ ಸುರಿದರೆ ರಾಮನ ಮೇಲೂ ರಾವಣನ ಮೇಲೂ ಒಂದೇ ಸಮ ಸುರಿಯುತ್ತಿತ್ತು. ಇವತ್ತಿನ ದೋಷಕ್ಕೆ ಪಕ್ಷಪಾತವಿದೆ. ಸುಮ್ಮನೆ ಕೂತವರನ್ನು ಅದು ಮುಟ್ಟುವುದಿಲ್ಲ. ಎದ್ದು ಓಡಾಡುವವರನ್ನು ಹುಡುಕಿ ಹುಡುಕಿ ಒಡೆಯುತ್ತದೆ.

ಇದರ ರಹಸ್ಯ ಬಿಡಿಸಿದವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ವಾಹಿನಿಯೊಂದರ ಪ್ರಸಾರ ನಿಯಂತ್ರಣ ಕೊಠಡಿಯಾದ ಎಂಸಿಆರ್‌ನಲ್ಲಿ ರಾತ್ರಿಪಾಳಿ ಮಾಡುವ ಅವನು ಹಬ್ಬಕ್ಕೆ ಬಂದಾಗ ನಾನು ಹೋಳಿಗೆ ಬಡಿಸುವ ಮೊದಲೇ ಚೌಕಗಳನ್ನು ಬಡಿಸಿದೆ. “ನಮ್ಮಲ್ಲಿಂದ ಹೊರಡುವಾಗ ಚೆನ್ನಾಗೇ ಇರ್ತದೆ ಮಾವ” ಎಂದು ಶುರುಮಾಡಿದ. ಎಚ್‌ಡಿ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಚುಕ್ಕಿಗಳು. ಅವೆಲ್ಲ ಇದ್ದದ್ದು ಇದ್ದಂತೆ ಹರಿಯಬೇಕೆಂದರೆ ಸ್ಟುಡಿಯೋದ ಕೇಬಲಿನಲ್ಲಿ ಸೆಕೆಂಡಿಗೆ ಒಂದೂವರೆ ಗಿಗಾಬಿಟ್ ಜಾಗ ಬೇಕು. ಆದರೆ ಉಪಗ್ರಹದ ಒಂದು ಟ್ರಾನ್ಸ್‌ಪಾಂಡರು, ಅಂದರೆ 36 ಮೆಗಾಹರ್ಟ್ಸ್ ಅಗಲದ ಒಂದು ದಾರಿ, ಸಾಗಿಸುವುದು ಸುಮಾರಾಗಿ ಸೆಕೆಂಡಿಗೆ ಐವತ್ತು ಅರವತ್ತು ಮೆಗಾಬಿಟ್ಟು. ಒಂದು ವಾಹಿನಿಯೂ ಇಡಿಯಾಗಿ ಹಿಡಿಸದ ಆ ದಾರಿಯಲ್ಲಿ ಹತ್ತಾರು ವಾಹಿನಿ ಹೋಗಬೇಕು. ಅದಕ್ಕೇ ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಹದಿನಾರು ಚುಕ್ಕಿಯ ಚೌಕಗಳಾಗಿ ಹೆಚ್ಚಿ, ಹಿಂದಿನ ಚಿತ್ರಕ್ಕಿಂತ ಬದಲಾದ ಚೌಕಗಳ ಸುದ್ದಿಯನ್ನಷ್ಟೇ ಕಳಿಸುತ್ತಾರೆ. ಉಳಿದದ್ದನ್ನು ನಿಮ್ಮ ಮನೆಯ ಪೆಟ್ಟಿಗೆ ಹಳೆಯ ದಾಸ್ತಾನಿನಿಂದ ತುಂಬಿಕೊಳ್ಳುತ್ತದೆ.

ನನಗೆ ಅರ್ಥವಾಗಲಿಲ್ಲವೆಂದು ನನ್ನ ಮುಖ ನೋಡಿಯೇ ತಿಳಿದು, ಎದುರಿಗಿದ್ದ ಎಲೆಯನ್ನೇ ತೋರಿಸಿದ. ಪಂಕ್ತಿಯಲ್ಲಿ ಬಡಿಸುವವನ ಕೈಯಲ್ಲಿ ಇರುವುದು ಒಂದೇ ಕೊಳಗ ಸಾರು. ಯಾರ ಎಲೆ ಬರಿದಾಗಿದೆ, ಯಾರು ಕೈ ಅಡ್ಡ ಹಿಡಿದಿದ್ದಾರೆ ಎಂದು ನೋಡಿ ನೋಡಿ ಬಡಿಸುತ್ತಾನೆ. ಸುಮ್ಮನೆ ಕೂತ ಮುದುಕರಿಗೆ ಒಂದು ಸೌಟು, ಬಕಾಸುರರಿಗೆ ನಾಲ್ಕು. ಹತ್ತು ಜನ ಇರುವವರೆಗೆ ಎಲ್ಲರೂ ಸುರಿದು ಉಂಡರು. ಯಜಮಾನ ಕೊಳಗ ದೊಡ್ಡದು ಮಾಡದೆ ಪಂಕ್ತಿಯನ್ನು ಮಾತ್ರ ಉದ್ದ ಮಾಡುತ್ತ ಹೋದ. ಈಗ ಒಂದು ವಾಹಿನಿಯಲ್ಲಿ ಕ್ರಿಕೆಟ್ಟು, ಇನ್ನೊಂದರಲ್ಲಿ ಕುಣಿತದ ಸ್ಪರ್ಧೆ, ಮತ್ತೊಂದರಲ್ಲಿ ಕಾರು ಸಿಡಿಯುವ ಸಿನಿಮಾ, ಎಲ್ಲರೂ ಏಕಕಾಲಕ್ಕೆ “ಇಲ್ಲಿಗೆ, ಇಲ್ಲಿಗೆ” ಎಂದು ಕೂಗಿದರೆ ಬಡಿಸುವವನು ಏನು ಮಾಡಿಯಾನು? “ಎಚ್‌ಡಿ ಹೊಸದಾಗಿ ಬಂದಾಗ ವಾಹಿನಿ ಬೆರಳೆಣಿಕೆಯಷ್ಟೇ ಮಾವ. ಎಲ್ಲರಿಗೂ ಹೊಟ್ಟೆ ತುಂಬ ಸಿಕ್ತಿತ್ತು” ಎಂದು ಅವನು ಸಾರಿಗೆ ಕೈಯೊಡ್ಡಿದ.

ಸಾಲದ್ದಕ್ಕೆ ಈ ಹಿಂಡುವ ಕೆಲಸ ಎರಡು ಸಲ ನಡೆಯುತ್ತದಂತೆ. ವಾಹಿನಿಯವರು ಒಮ್ಮೆ ಹಿಂಡಿ ಒಂದು ಉಪಗ್ರಹಕ್ಕೆ ಎಸೆಯುತ್ತಾರೆ. ಅದನ್ನು ಡಿಟಿಎಚ್ ಕಂಪನಿಯವರು ಕೆಳಗೆ ಹಿಡಿದು, ಬಿಚ್ಚಿ, ತಮ್ಮ ಕೊಳಗಕ್ಕೆ ತಕ್ಕಂತೆ ಮತ್ತೊಮ್ಮೆ ಹಿಂಡಿ ಇನ್ನೊಂದು ಉಪಗ್ರಹಕ್ಕೆ ಎಸೆಯುತ್ತಾರೆ. ಪ್ರತಿ ಸಲ ಮೇಲಕ್ಕೆ 36,000 ಕಿಲೋಮೀಟರು, ಕೆಳಕ್ಕೆ ಅಷ್ಟೇ. ಬೆಂಗಳೂರಿನ ಸ್ಟುಡಿಯೋದಿಂದ ಶಿವಮೊಗ್ಗದ ನಮ್ಮ ಜಗಲಿಗೆ ಬರಲು ಧಾರಾವಾಹಿಯ ಅತ್ತೆ ಒಂದು ಲಕ್ಷ ನಲವತ್ತನಾಲ್ಕು ಸಾವಿರ ಕಿಲೋಮೀಟರು ಪ್ರಯಾಣ ಮಾಡುತ್ತಾಳೆ. ರಾತ್ರಿ ಬಸ್ಸು ಹತ್ತಿಸಿದ್ದರೆ ಬೆಳಗಿನ ಕಾಫಿಗೆ ಬಂದಿರುತ್ತಿದ್ದಳು, ಸೀರೆಯ ನಿರಿಗೆಯೂ ಮುದುಡದೆ. ಉಪಗ್ರಹವನ್ನು ದೂರೋಣವೆಂದರೆ ಅದೂ ಆಗದು. ಇಸ್ರೋದ ಇನ್ಸಾಟ್, ಜಿಸ್ಯಾಟ್‌ಗಳನ್ನು ಅಲ್ಲಾಡದಂತೆ ಅವುಗಳ ಜಾಗದಲ್ಲಿ ಕೂರಿಸುವವರು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯವರು. ಅವರ ಕೆಲಸ ಅವರು ಶಿಸ್ತಾಗಿ ಮಾಡುತ್ತಿದ್ದಾರೆ. ಮಳೆಯನ್ನು ದೂರಬಹುದೇ? ನಮ್ಮ ಮಲೆನಾಡಿನ ಆಷಾಢದ ಹನಿಗಳು ಆ ಎರಡೂವರೆ ಸೆಂಟಿಮೀಟರಿನ ಅಲೆಗಳನ್ನು ಅನಾಯಾಸವಾಗಿ ನುಂಗುತ್ತವೆ, ನಿಜ. ಆದರೆ ಮಳೆ ಕೊಂದರೆ ಪೂರ್ತಿ ಕೊಲ್ಲುತ್ತದೆ: ಚಿತ್ರ ಒಂದೆರಡು ಸಲ ಒಡೆದು ಗಕ್ಕನೆ ನಿಂತು, ‘ನೋ ಸಿಗ್ನಲ್’ ಎಂದು ಬರೆದುಕೊಂಡು, ಎಲ್ಲರೂ ಎದ್ದು ಊಟಕ್ಕೆ ಹೋಗುವಂತಾಗುತ್ತದೆ. ವೈಶಾಖದ ರಣಬಿಸಿಲಲ್ಲಿ ಕಾಣುವ ಚೌಕ ವರುಣನದಲ್ಲ, ಮನುಷ್ಯರದು.

ಈ ಜ್ಞಾನೋದಯವಾದ ಮೇಲೆ ನಾನು ಧಾರಾವಾಹಿಗಳನ್ನು ಹೊಸ ಗೌರವದಿಂದ ನೋಡುತ್ತಿದ್ದೇನೆ. ಒಬ್ಬರು ಒಂದು ಮಾತಾಡಿದ ಕೂಡಲೇ ಮನೆಮಂದಿಯೆಲ್ಲ ಕಂಬಗಳಾಗಿ ನಿಂತು, ಢಣ್ ಢಣ್ ಢಣ್ ಎಂಬ ಸದ್ದಿಗೆ ಒಬ್ಬೊಬ್ಬರ ಮುಖವೂ ಮೂರು ಮೂರು ಸಲ ಬರುವುದನ್ನು ನಾವು ಇಷ್ಟು ವರ್ಷ ಗೇಲಿ ಮಾಡಿದೆವಲ್ಲ, ಅದು ಮಿತವ್ಯಯ! ಅಲ್ಲಿ ಬದಲಾಗುವುದು ಅತ್ತೆಯ ಕಣ್ರೆಪ್ಪೆ ಮಾತ್ರ. ಇನ್ನು ಎಚ್‌ಡಿಗೆಂದೇ ಹೇಳಿಮಾಡಿಸಿದ ಕಲೆ ಯಾವುದೆಂದರೆ ತಾಳಮದ್ದಳೆ. ಅರ್ಥಧಾರಿಗಳು ಶಾಲು ಹೊದ್ದು ಕೂತಲ್ಲೇ ಕೂತು ಮೂರು ತಾಸು ವಾದ ಮಾಡುತ್ತಾರೆ. ಶಾಲಿನ ಜರಿಯ ಎಳೆ ಎಳೆಯೂ ಕಾಣುತ್ತದೆ. ಅದೇ ಪ್ರಸಂಗಕ್ಕೆ ವೇಷ ಕಟ್ಟಿ ಯಕ್ಷಗಾನವಾಗಿ ಕುಣಿಸಿದಿರೋ, ಕೆಟ್ಟಿತು. ಮೊನ್ನೆ ಅಭಿಮನ್ಯು ಕಾಳಗ ಬರುತ್ತಿತ್ತು. ಭಾಗವತರು ಪದ ಎತ್ತಿದರು, ಚಂಡೆ ಏರಿತು, ಬಾಲಕ ಮಂಡಿಯ ಮೇಲೆ ಒಂದು ಸುತ್ತು ಬಂದು ದಿಗಿಣ ತೆಗೆದನೋ ಇಲ್ಲವೋ, ಮೊದಲು ಕಾಲು ಹೋಯಿತು, ಆಮೇಲೆ ಭುಜಕೀರ್ತಿ, ಎದೆಕಟ್ಟಿನ ಮಣಿಗಳೆಲ್ಲ ಕಲಸಿ ಒಂದು ಹಳದಿ ಚೌಕ, ಕಿರೀಟದ ಜಾಗದಲ್ಲಿ ಇನ್ನೊಂದು ಕೆಂಪು ಚೌಕ. ಕೌರವರು ಆರು ಮಂದಿ ಮಹಾರಥರು ಸೇರಿ ಮಾಡಬೇಕಾದ ಕೆಲಸವನ್ನು ಕಂಪನಿಯವರು ಒಬ್ಬರೇ ಮಾಡಿ ಮುಗಿಸಿದ್ದರು. ಚಕ್ರವ್ಯೂಹವನ್ನು ಹೊಕ್ಕವನು ಚೌಕವ್ಯೂಹದಲ್ಲಿ ಮಡಿದ.

ಹಳೆಯ ಸಿನಿಮಾಗಳ ಗತಿ ಬೇರೆಯೇ. ಚೌಕಟ್ಟು ತುಂಬಲಿ ಎಂದು ಎರಡೂ ಕಡೆ ಎಳೆದು, ಎಪ್ಪತ್ತರ ದಶಕದ ತೆಳ್ಳನೆಯ ನಾಯಕರಿಗೆಲ್ಲ ಮಧ್ಯವಯಸ್ಸಿನ ಕೆನ್ನೆ ಬರಿಸಿಬಿಟ್ಟಿದ್ದಾರೆ. ಅದರ ಬಗ್ಗೆ ಹೆಚ್ಚು ಹೇಳಿದರೆ ನನ್ನ ಕೆನ್ನೆಯ ಮಾತು ಬರುತ್ತದೆ, ಬೇಡ.

ದುಡ್ಡಿನ ವಿಷಯಕ್ಕೆ ಬರೋಣ. 2019ರ ಫೆಬ್ರವರಿಯಲ್ಲಿ ಪ್ರಸಾರದ ನಿಯಂತ್ರಕ ಸಂಸ್ಥೆಯಾದ ಟ್ರಾಯ್‌ನ ಹೊಸ ನಿಯಮ ಬಂದು, ಬೇಕಾದ ವಾಹಿನಿಯನ್ನು ಆರಿಸಿಕೊಂಡು ಅದಕ್ಕಷ್ಟೇ ಹಣ ಕೊಡುವ ಪದ್ಧತಿ ಶುರುವಾಯಿತು. ಆಗ 130 ರೂಪಾಯಿ, ಮೇಲೆ ತೆರಿಗೆ, ಅದಕ್ಕೆ ನೂರು ವಾಹಿನಿಗಳ ಜಾಗ. ಆ ನೂರರಲ್ಲಿ ಒಂದು ಎಚ್‌ಡಿ ವಾಹಿನಿಯನ್ನು ಎರಡೆಂದು ಎಣಿಸಬೇಕೆಂಬುದು ಆಗಿನ ನಿಯಮ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಚಿಕ್ಕವರಿದ್ದಾಗ ನಮ್ಮನ್ನು ಕಬಡ್ಡಿಗೆ ಸೇರಿಸಿಕೊಳ್ಳುತ್ತಿದ್ದರು. ಇದು ಲೆಕ್ಕಕ್ಕೆ ಎರಡುಂಟು, ಆಟಕ್ಕಿಲ್ಲ. ಗ್ರಾಹಕ ಸೇವೆಗೆ ಫೋನು ಮಾಡಿ, ಒಂದನ್ನು ಒತ್ತಿ, ಏಳನ್ನು ಒತ್ತಿ, ಸಂಗೀತ ಕೇಳಿ, ಕೊನೆಗೊಬ್ಬ ಮನುಷ್ಯ ಸಿಕ್ಕಾಗ “ನಮ್ಮ ಎಚ್‌ಡಿ ವಾಹಿನಿಗೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಕೊಡ್ತಿದ್ದೀರಿ?” ಎಂದು ತಂಗಿಯ ಮಗ ಹೇಳಿಕೊಟ್ಟ ಹಾಗೆಯೇ ಕೇಳಿದೆ. ಆತ ಒಂದು ಕ್ಷಣ ಮೌನವಾಗಿದ್ದು, “ನಿಮ್ಮ ಪ್ಯಾಕ್ ಇನ್ನೂ ವ್ಯಾಲಿಡ್ ಇದೆ ಸರ್. ಒಮ್ಮೆ ಬಾಕ್ಸ್ ಆಫ್ ಮಾಡಿ ಆನ್ ಮಾಡಿ” ಎಂದ. ಮಾಡಿದೆ. ಲಾಂಛನದ ಪಕ್ಕದ ಎರಡಕ್ಷರ ಮೊದಲು ಬಂತು. ಅದರಲ್ಲಿ ಸುಳ್ಳೇನೂ ಇಲ್ಲ ನೋಡಿ. ಅದು ಮಾತು ಕೊಟ್ಟಿರುವುದು ಇಪ್ಪತ್ತು ಲಕ್ಷ ಚುಕ್ಕಿಗಳ ಬಗ್ಗೆ ಮಾತ್ರ. ಆ ಚುಕ್ಕಿಗಳಲ್ಲಿ ಏನಿರುತ್ತದೆ ಎಂದು ಅದು ಎಲ್ಲೂ ಹೇಳಿಲ್ಲ.

ನಿಮ್ಮ ಮನೆಯ ಟೀವಿಯ ಯೋಗ್ಯತೆ ತಿಳಿಯಬೇಕಿದ್ದರೆ ಮೈಸೂರಿನ ಜಂಬೂಸವಾರಿಗಿಂತ ಒಳ್ಳೆಯ ಪರೀಕ್ಷೆಯಿಲ್ಲ. ಆನೆ ನಿಂತಿರುವವರೆಗೆ 750 ಕಿಲೋ ತೂಕದ ಚಿನ್ನದ ಅಂಬಾರಿಯ ಕುಸುರಿಯೆಲ್ಲ ಕಣ್ಣಿಗೆ ಹಬ್ಬ. ಮುಖ್ಯಮಂತ್ರಿಗಳು ಪುಷ್ಪಾರ್ಚನೆಗೆ ಕೈ ಎತ್ತಿದ ಕೂಡಲೇ ನಾನು ಮನೆಯವರನ್ನೆಲ್ಲ ಕೂಗಿ ಕರೆಯುತ್ತೇನೆ. ನೂರಾರು ಎಸಳು, ಒಂದೊಂದಕ್ಕೂ ಒಂದೊಂದು ದಿಕ್ಕು, ಹಿಂದಿನ ಚಿತ್ರದಲ್ಲಿ ಯಾವುದೂ ಇರಲಿಲ್ಲ. ಬಡಿಸುವವನ ಸೌಟಿನಲ್ಲಿ ಒಂದು ಹನಿಯೂ ಉಳಿಯುವುದಿಲ್ಲ. ಅಂಬಾರಿ, ಚಾಮುಂಡೇಶ್ವರಿ, ಅರಮನೆ, ಮುಖ್ಯಮಂತ್ರಿ ಎಲ್ಲವೂ ಸೇರಿ ಬಣ್ಣ ಬಣ್ಣದ ಕೌದಿಯಾಗಿ, ಹೂವು ನೆಲಕ್ಕೆ ಬಿದ್ದ ಮೇಲೆ ನಿಧಾನವಾಗಿ ತಮ್ಮ ತಮ್ಮ ರೂಪಕ್ಕೆ ಮರಳುತ್ತವೆ. ಮುಂದಿನ ವಿಜಯದಶಮಿಗೆ ನೀವೂ ಅದೇ ಗಳಿಗೆಗೆ ಟೀವಿಯ ಮುಂದೆ ಕೂತು ನೋಡಿ. ಎಸಳು ಎಸಳಾಗಿಯೇ ಕಂಡರೆ ನಿಮ್ಮ ತಟ್ಟೆ ಯಾವ ಕಂಪನಿಯದೆಂದು ದಯವಿಟ್ಟು ನನಗೊಂದು ಕಾರ್ಡು ಬರೆಯಿರಿ. ಕಾಣದಿದ್ದರೆ, ಯಾರು ಏನೇ ಹೇಳಲಿ, ಕಣ್ಣಿನ ಡಾಕ್ಟರ ಹತ್ತಿರ ಓಡಬೇಡಿ.