ಧಣಿ ಬದಲಾದರು, ಗೇಣಿ ಬದಲಾಗಲಿಲ್ಲ

1940ರ ದಶಕ. ದಕ್ಷಿಣ ಕನ್ನಡದ ಹಳ್ಳಿಯೊಂದರಲ್ಲಿ ಧಣಿಗಳು ಗದ್ದೆಗಳನ್ನು ಮಾರಿದರು. ಕೊಂಡವರು ಬಂದು, ‘ಇನ್ನು ಗೇಣಿ ದುಪ್ಪಟ್ಟು’ ಎಂದರು.

ಓದುಬಾರದ ಅಜ್ಜ ಮರದ ಪೆಟ್ಟಿಗೆಯಿಂದ ಮೂಲಗೇಣಿ ಚೀಟು ತೆಗೆದು ಮೊಮ್ಮಗನ ಕೈಗಿತ್ತರು. ‘ಓದು ಮಗಾ.’ ಹುಡುಗ ಅಕ್ಷರ ಕೂಡಿಸಿ ಓದಿದ: ಗೇಣಿ ಇಷ್ಟು ಮುಡಿ ಅಕ್ಕಿ, ಎಂದೆಂದಿಗೂ. ಮೂಲಗೇಣಿಯ ಭೂಮಿ ಯಾರ ಕೈಸೇರಿದರೂ ಹಳೆಯ ಧಣಿಯ ಕರಾರಿಗೆ ಹೊಸಬರೂ ಬದ್ಧರು. ಕೊಂಡವರು ಸುಮ್ಮನೆ ಹಿಂದಿರುಗಿದರು.

ಪಕ್ಕದ ಒಕ್ಕಲಿನದು ಚಾಲಗೇಣಿ. ಧಣಿಯ ಮರ್ಜಿ ಇರುವಷ್ಟು ದಿನದ್ದು. ಕೇಳಿದಷ್ಟು ಕೊಡಲಾಗದೆ ಗದ್ದೆ ಬಿಟ್ಟರು. ಆ ಮನೆಯ ಹುಡುಗ ಶಾಲೆಯನ್ನೂ ಬಿಟ್ಟ.

1974ರ ಮಾರ್ಚ್ 1ರಂದು ಗೇಣಿ ಭೂಮಿಗಳು ಸರ್ಕಾರದ ವಶವಾಗಿ, ಉಳುವವರಿಗೆ ಒಡೆತನದ ದಾರಿ ತೆರೆಯಿತು. ಅಜ್ಜನ ಮೊಮ್ಮಗ ಅರ್ಜಿ ಹಾಕಿದ. ಪಕ್ಕದ ಮನೆಯವರಿಗೆ ಅರ್ಜಿಯಲ್ಲಿ ಬರೆಯಲು ಗದ್ದೆಯೇ ಇರಲಿಲ್ಲ.