ಗದುಗಿನಿಂದ ಹುಬ್ಬಳ್ಳಿಗೆ, ಅಲ್ಲಿಂದ ನೈರೋಬಿಗೆ

ಗದಗ–ಹುಬ್ಬಳ್ಳಿ ನಡುವೆ ಸುಮಾರು 60 ಕಿಲೋಮೀಟರ್ ದಾರಿ. ಹುಲಕೋಟಿ, ಅಣ್ಣಿಗೇರಿ, ಹೆಬಸೂರ, ಕುಸುಗಲ್ಲ ದಾಟಿ ರೈಲು ಹುಬ್ಬಳ್ಳಿ ಸೇರುತ್ತದೆ. ಎರಡೂ ಬದಿ ಕಣ್ಣಿಗೆಟುಕುವಷ್ಟು ಎರೆಹೊಲ. ಜೋಳ, ಕಡಲೆ, ಹತ್ತಿ.

ಜೊತೆಗಿದ್ದ ಅಣ್ಣನ ಮಗನಿಗೆ ಆಗಲೇ ಬೇಸರ. "ಕಾಕಾ, ಇನ್ನೂ ಎಷ್ಟು ದೂರ ಐತಿ?" ಎಂದ.

"ಗದಗಿನ ಒಬ್ಬ ಹುಡುಗ ಇಷ್ಟು ದೂರ ದಿನಾ ಬರತಿದ್ದ. ಬೆಳಿಗ್ಗೆ ಹುಬ್ಬಳ್ಯಾಗ ಕ್ರಿಕೆಟ್ ಪ್ರಾಕ್ಟೀಸು, ತಿರುಗಿ ಹೋಗಿ ಗದಗಿನ್ಯಾಗ ಸಾಲಿ" ಎಂದೆ. ಹುಡುಗ ಕಣ್ಣರಳಿಸಿದ.

ಆ ಹುಡುಗನೇ ಸುನಿಲ್ ಜೋಶಿ. ಹುಟ್ಟಿದ್ದು 1970ರಲ್ಲಿ, ಗದಗಿನಲ್ಲಿ. ಎಡಗೈ ಸ್ಪಿನ್ನರ್; ಬ್ಯಾಟಿಂಗೂ ಬಲ್ಲವರು. 1995–96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಆ ವರ್ಷ ರಣಜಿ ಟ್ರೋಫಿ ಕರ್ನಾಟಕದ್ದಾಯಿತು. 1996ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಟೆಸ್ಟ್ ಆಡಿದರು.

1999ರಲ್ಲಿ ಆಫ್ರಿಕಾದ ನೈರೋಬಿಯಲ್ಲಿ ಎದುರಾಳಿ ದಕ್ಷಿಣ ಆಫ್ರಿಕಾ. ಜೋಶಿ 10 ಓವರ್ ಎಸೆದರು. ಅದರಲ್ಲಿ 6 ಮೇಡನ್! ಉಳಿದ 4 ಓವರಿನಲ್ಲಿ ಕೊಟ್ಟದ್ದು 6 ರನ್; ಒಟ್ಟು ಕಿತ್ತದ್ದು 5 ವಿಕೆಟ್. ಮರುವರ್ಷ ಢಾಕಾದಲ್ಲಿ ಬಾಂಗ್ಲಾದೇಶದ ಚೊಚ್ಚಲ ಟೆಸ್ಟ್. ಅಲ್ಲಿ 8 ವಿಕೆಟ್ ಪಡೆದು, 92 ರನ್ ಹೊಡೆದು ಪಂದ್ಯಶ್ರೇಷ್ಠರಾದರು. ಶತಕಕ್ಕೆ ಎಂಟೇ ಎಂಟು ರನ್ ಕಡಿಮೆ.

ಆದರೂ ಭಾರತ ತಂಡದಲ್ಲಿ ಅವರ ಸ್ಥಾನ ಕಾಯಂ ಆಗಲಿಲ್ಲ. 15 ಟೆಸ್ಟ್, 69 ಏಕದಿನ ಪಂದ್ಯ, ಅಷ್ಟೇ. ಆಟ ಮುಗಿದರೂ ತಿರುಗಾಟ ಮುಗಿಯಲಿಲ್ಲ. ತರಬೇತುದಾರರಾಗಿ ಹೈದರಾಬಾದ್, ಜಮ್ಮು–ಕಾಶ್ಮೀರ, ಅಸ್ಸಾಂ ಸುತ್ತಿದರು. 2014ರಲ್ಲಿ ಅವರು ಪಳಗಿಸಿದ ಜಮ್ಮು–ಕಾಶ್ಮೀರದ ಹುಡುಗರು ಮುಂಬೈಯನ್ನು ಅದರ ವಾಂಖೆಡೆ ಅಂಗಳದಲ್ಲೇ ಸೋಲಿಸಿದರು. ಮುಂದೆ ಬಾಂಗ್ಲಾದೇಶದ ಸ್ಪಿನ್ನರ್‌ಗಳಿಗೂ ಜೋಶಿಯವರೇ ಗುರು. ಎದುರಾಳಿಗಳಾಗಿದ್ದವರೇ ಶಿಷ್ಯರಾದದ್ದು ನೋಡಿ! 2020ರಲ್ಲಿ ಭಾರತ ತಂಡದ ಆಯ್ಕೆ ಸಮಿತಿಗೆ ಮುಖ್ಯಸ್ಥರಾದರು.

ಹುಬ್ಬಳ್ಳಿಯಲ್ಲಿ ಇಳಿದಾಗ ನಾವು ನಿಂತ ನಿಲ್ದಾಣವೂ ದಾಖಲೆಯದೇ. 1,500 ಮೀಟರ್ ಮೀರಿದ ಇಲ್ಲಿನ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಅತಿ ಉದ್ದ ಎಂದು 2023ರಲ್ಲಿ ಗಿನ್ನೆಸ್ ಮನ್ನಣೆ ಪಡೆಯಿತು. ಬಿಸಿ ಮಿರ್ಚಿ, ಗಿರ್ಮಿಟ್ ತಿಂದು ರಾಜನಗರಕ್ಕೆ ಹೋದೆವು. ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನ ಅಲ್ಲಿದೆ. ಈಗ ರಣಜಿ ಪಂದ್ಯಗಳು ಇಲ್ಲೇ ನಡೆಯುತ್ತವೆ.

ಮಕ್ಕಳೇ, ದೊಡ್ಡ ಆಟ ನಮ್ಮೂರ ಹತ್ತಿರ ಬಂದಿದೆ. ಆದರೆ ನಸುಕಿನಲ್ಲಿ ಹಾಸಿಗೆ ಬಿಟ್ಟು ಏಳುವ ಕೆಲಸ ಮಾತ್ರ ಇಂದಿಗೂ ನಮ್ಮದೇ.