ತುತ್ತೂರಿ ನಿಂತ ಮೇಲೆ

ಅಭ್ಯಾಸ ಬೋಧನೆಯ ಎರಡನೇ ವಾರ ಒಂಬತ್ತನೇ ತರಗತಿಗೆ ‘ಶಬ್ದ’ ಪಾಠ. ಕೊಳವೆಯೊಳಗಿನ ಗಾಳಿಯ ಕಂಪನಕ್ಕೆ ಉದಾಹರಣೆಯಾಗಿ ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ 1962ರಲ್ಲಿ ಕಾವೆಂಟ್ರಿಯ ಹೊಸ ಕೆಥೆಡ್ರಲ್‌ಗೆ ರಚಿಸಿದ ‘ವಾರ್ ರಿಕ್ವಿಯಂ’ನ ತುಣುಕೊಂದನ್ನು ಮೊಬೈಲಿನಲ್ಲಿ ಒಯ್ದಿದ್ದೆ. ಲ್ಯಾಟಿನ್ ಪ್ರಾರ್ಥನೆಯ ನಡುನಡುವೆ ಅದರಲ್ಲಿ ವಿಲ್ಫ್ರೆಡ್ ಓವೆನ್ ಕವಿತೆಗಳನ್ನು ಹಾಡುತ್ತಾರೆ. ಓವೆನ್ ಸೈನಿಕ, ಮೊದಲ ಮಹಾಯುದ್ಧ ನಿಲ್ಲಲು ಒಂದು ವಾರವಿದ್ದಾಗ, 25ನೇ ವಯಸ್ಸಿನಲ್ಲಿ, ಗುಂಡಿಗೆ ಬಲಿಯಾದ. ನನ್ನದೂ ಅದೇ ವಯಸ್ಸು.

ನಾನು ಆರಿಸಿದ ಭಾಗದಲ್ಲಿ ಹಿತ್ತಾಳೆ ವಾದ್ಯಗಳು ಬ್ಯೂಗಲ್ ಕರೆಯಂತೆ ಮೊಳಗಿ ಅಡಗುತ್ತವೆ. ಆಮೇಲೆ ಒಬ್ಬನೇ ಗಂಡುದನಿಯಲ್ಲಿ ಹಾಡುತ್ತಾನೆ. ಪಾಠಯೋಜನೆಯಲ್ಲಿ ವಾದ್ಯಕ್ಕಷ್ಟೇ ಸಮಯವಿತ್ತು. ದನಿ ಬರುವ ಮೊದಲೇ ನಿಲ್ಲಿಸಿ, ಬ್ಯೂಗಲ್‌ಗೆ ಗುಂಡಿಗಳಿಲ್ಲ, ತುಟಿಯ ಬಿಗಿಯಿಂದಲೇ ಸ್ವರ ಬದಲಾಗಬೇಕು, ಆದ್ದರಿಂದ ಮೂಲ ಆವೃತ್ತಿಯ 2, 3, 4, 5, 6 ಪಟ್ಟಿನ ಸ್ವರಗಳಷ್ಟೇ ಕರೆಗಳಿಗೆ ಸಿಗುತ್ತವೆ ಎಂದು ಹಲಗೆಯ ಮೇಲೆ ಮೆಟ್ಟಿಲು ಬರೆದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. “ಚಿಕ್ಕಪ್ಪನ್ನ ಊರಿಗೆ ತಂದಾಗ ಮಿಲಿಟರಿಯವರು ಹೀಗೇ ಊದಿದ್ರು ಸರ್. ಆಮೇಲೆ ಯಾರೂ ಏನೂ ಮಾತಾಡ್ಲಿಲ್ಲ. ಇದರಲ್ಲಿ ಆಮೇಲೆ ಏನು ಬರುತ್ತೆ?”

ಉತ್ತರ ನನ್ನ ಕೈಯಲ್ಲೇ ಇತ್ತು, ನಾನೇ ಕತ್ತರಿಸಿದ್ದೆ. ಉಳಿದದ್ದನ್ನು ಕೇಳಿಸಿದೆ. ಗಂಟೆ ಹೊಡೆಯಿತು. ‘ಮೌಲ್ಯಮಾಪನ ಹಂತ ಬಿಟ್ಟುಹೋಗಿದೆ’ ಎಂದು ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು. ನಿಜವೇ.

ಮರುದಿನ ಆ ಹಂತ ಮಾಡಿದೆ. ಅವಳೇ ಬಂದು ಮೆಟ್ಟಿಲು ಬರೆದು, 3 ಮತ್ತು 4ರ ನಡುವೆ ಒಂದು ಚುಕ್ಕೆ ಇಟ್ಟಳು.

“ದನಿ ಇಲ್ಲೂ ನಿಲ್ಲಬಹುದು ಅಲ್ವಾ ಸರ್?”

ನಿಲ್ಲಬಹುದು ಎಂದೆ.